ಕೈ ತೊಳೆಯಿರಿ ಎನ್ನುವ ಮೊದಲು ನಲ್ಲಿಯ ಕಡೆ ನೋಡಿ: ಆಸ್ಪತ್ರೆಗಳ ಆಡಳಿತಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ವಾರ್ಡಿನಲ್ಲಿ ಒಂದೇ ವಾರದೊಳಗೆ ಮೂವರು ರೋಗಿಗಳ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಕೀವು ಕಾಣಿಸಿಕೊಂಡರೆ ಮರುದಿನ ಬೆಳಿಗ್ಗೆ ಸೂಚನಾ ಫಲಕದ ಮೇಲೆ ಏನು ಬರುತ್ತದೆ ಎಂಬುದನ್ನು, 26 ವರ್ಷಗಳಿಂದ ಶುಶ್ರೂಷಕಿಯಾಗಿರುವ ನಾನು ಕಣ್ಣು ಮುಚ್ಚಿ ಹೇಳಬಲ್ಲೆ. "ಎಲ್ಲ ಸಿಬ್ಬಂದಿಯೂ ಕಡ್ಡಾಯವಾಗಿ ಕೈ ತೊಳೆಯತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಕೆಳಗೊಂದು ಸಹಿ, ಒಂದು ಮೊಹರು. ಆ ಸುತ್ತೋಲೆ ಅಂಟಿಸಿದ ಗೋಡೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ, ಆ ನಲ್ಲಿಯಲ್ಲಿ ಮಧ್ಯಾಹ್ನದ ನಂತರ ನೀರು ಬರುತ್ತದೆಯೇ, ತೊಳೆದ ಕೈ ಒರೆಸಿಕೊಳ್ಳಲು ಅಲ್ಲಿ ಏನಾದರೂ ಇದೆಯೇ ಎಂಬುದರ ಪ್ರಸ್ತಾಪ ಮಾತ್ರ ಅದರಲ್ಲಿ ಇರುವುದಿಲ್ಲ. ಕಳೆದ 9 ವರ್ಷಗಳಿಂದ ಸೋಂಕು ನಿಯಂತ್ರಣದ ಹೊಣೆ ಹೊತ್ತಿರುವ ನಾನು ಅಂಥ ಸುತ್ತೋಲೆಗಳ ಕರಡನ್ನು ಸ್ವತಃ ಬರೆದುಕೊಟ್ಟದ್ದೂ ಉಂಟು. ಆದುದರಿಂದ ಈ ಪತ್ರದಲ್ಲಿರುವ ಆಕ್ಷೇಪಣೆಯಲ್ಲಿ ಒಂದು ಪಾಲು ನನ್ನ ಮೇಲೆಯೂ ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ, ಚಿಕಿತ್ಸೆಗೆಂದು ಆಸ್ಪತ್ರೆಗೆ ದಾಖಲಾದ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿ ಆಸ್ಪತ್ರೆಯಲ್ಲೇ ಕನಿಷ್ಠ ಒಂದು ಸೋಂಕನ್ನು ಅಂಟಿಸಿಕೊಳ್ಳುತ್ತಾರೆ. ಹಾಗೆ ಅಂಟಿಸಿಕೊಂಡವರಲ್ಲಿ ಸರಾಸರಿ ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ. ಬರುವಾಗ ಅವರ ಮೈಯಲ್ಲಿ ಇಲ್ಲದಿದ್ದ ರೋಗ ಅದು, ನಾವು ಕೊಟ್ಟದ್ದು. ಕೊಟ್ಟ ಕೈ ಯಾರದೆಂದು ಮಾತ್ರ ಸಾಮಾನ್ಯವಾಗಿ ತಿಳಿಯುವುದಿಲ್ಲ, ಏಕೆಂದರೆ ತಪ್ಪು ಇವತ್ತು ನಡೆದರೆ ಜ್ವರ ಮೂರನೆಯ ದಿನವೋ ಐದನೆಯ ದಿನವೋ ಬರುತ್ತದೆ. ಅಷ್ಟರಲ್ಲಿ ಆ ರೋಗಿಯನ್ನು ಮುಟ್ಟಿದವರ ಸಂಖ್ಯೆ ಹತ್ತಾರು ದಾಟಿರುತ್ತದೆ. ಬಿಸಿ ಪಾತ್ರೆ ಮುಟ್ಟಿದವರಿಗೆ ಆ ಕ್ಷಣವೇ ಪಾಠವಾಗುತ್ತದೆ; ಮಲಿನವಾದ ಕೈಯಿಂದ ಡ್ರಿಪ್ಪಿನ ತುದಿ ಮುಟ್ಟಿದವರಿಗೆ ಆಗುವುದಿಲ್ಲ. ನಮ್ಮ ಕೆಲಸದ ಈ ಸ್ವಭಾವವನ್ನು ತಾವು ಮೊದಲು ಗಮನಕ್ಕೆ ತೆಗೆದುಕೊಳ್ಳಬೇಕೆಂದು ಕೋರುತ್ತೇನೆ. ಸಿಬ್ಬಂದಿಯ ಎಚ್ಚರಿಕೆಯೊಂದನ್ನೇ ನಂಬಿ ನಡೆಸುವ ವ್ಯವಸ್ಥೆ ಇಲ್ಲಿ ನಿಲ್ಲದಿರುವುದು ಅದರಿಂದಲೇ.

ಅಸೆಪ್ಸಿಸ್, ಅಂದರೆ ರೋಗಾಣುಗಳು ರೋಗಿಯನ್ನು ತಲುಪದಂತೆ ತಡೆಯುವ ಕ್ರಮ, ಆಪರೇಷನ್ ಥಿಯೇಟರಿಗೆ ಸೇರಿದ ವಿಷಯ ಎಂಬ ಭಾವನೆ ಆಡಳಿತ ಸಭೆಗಳಲ್ಲಿ ಬಲವಾಗಿರುವುದನ್ನು ಕಂಡಿದ್ದೇನೆ. ಥಿಯೇಟರಿನಲ್ಲಿ ನಡೆಯುವುದು ಸರ್ಜಿಕಲ್ ಅಸೆಪ್ಸಿಸ್. ಅಲ್ಲಿ ಎಲ್ಲ ಸೂಕ್ಷ್ಮಜೀವಿಗಳೂ, ಅವುಗಳ ಬೀಜಕಣಗಳೂ ಇಲ್ಲವಾಗಬೇಕು, ಸ್ಟೆರೈಲ್ ಆದ ವಸ್ತು ಸ್ಟೆರೈಲ್ ಆದ ವಸ್ತುವನ್ನು ಮಾತ್ರ ಮುಟ್ಟಬೇಕು. ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ, ಪ್ರಯೋಗಾಲಯದಲ್ಲಿ ದಿನವಿಡೀ ನಡೆಯಬೇಕಾದದ್ದು ಮೆಡಿಕಲ್ ಅಸೆಪ್ಸಿಸ್. ಇಲ್ಲಿ ಗುರಿ ಸೂಕ್ಷ್ಮಜೀವಿಗಳ ಸಂಖ್ಯೆಯನ್ನು ತಗ್ಗಿಸುವುದು ಮತ್ತು ಒಬ್ಬರಿಂದ ಇನ್ನೊಬ್ಬರಿಗೆ ಅವು ದಾಟುವ ದಾರಿಯನ್ನು ಕಡಿಯುವುದು. ಎರಡರ ವ್ಯತ್ಯಾಸ ಕೈ ತೊಳೆಯುವ ಭಂಗಿಯಲ್ಲೇ ಕಾಣುತ್ತದೆ. ಥಿಯೇಟರಿನಲ್ಲಿ ಕೈ ಉಜ್ಜುವಾಗ ಬೆರಳುಗಳು ಮೊಣಕೈಗಿಂತ ಮೇಲಿರುತ್ತವೆ. ಅತ್ಯಂತ ಶುದ್ಧವಾಗಿರಬೇಕಾದದ್ದು ಬೆರಳುಗಳಾದ್ದರಿಂದ ನೀರು ಅಲ್ಲಿಂದ ಕೆಳಗೆ ಮೊಣಕೈಯತ್ತ ಇಳಿಯಬೇಕು. ವಾರ್ಡಿನಲ್ಲಿ ಬೆರಳುಗಳು ಕೆಳಕ್ಕೆ ಬಾಗಿರುತ್ತವೆ. ಅತ್ಯಂತ ಮಲಿನವಾದದ್ದು ಬೆರಳುಗಳಾದ್ದರಿಂದ ಕೊಳೆ ತೋಳಿನ ಮೇಲೆ ಹರಿಯದೆ ನೇರ ಸಿಂಕಿಗೆ ಬೀಳಬೇಕು. ತರಬೇತಿಗೆ ಬರುವ ಮಕ್ಕಳಿಗೆ ನಾನು ಮೊದಲ ದಿನವೇ ಈ ಎರಡು ಭಂಗಿಗಳನ್ನು ಮಾಡಿಸುತ್ತೇನೆ. ಕಾರಣ ತಿಳಿದ ಮೇಲೆ ಅವರು ಮರೆಯುವುದಿಲ್ಲ.

ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಕಥೆ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಅವರದು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ಮೊದಲನೆಯ ವಿಭಾಗದಲ್ಲಿ 1847ರ ಏಪ್ರಿಲ್‌ನಲ್ಲಿ ಬಾಣಂತಿಯರ ಮರಣ ಪ್ರಮಾಣ ಶೇ 18 ದಾಟಿತ್ತು. ಶವಪರೀಕ್ಷೆ ಮುಗಿಸಿ ಬಂದವರು ಕ್ಲೋರಿನ್‌ಯುಕ್ತ ಸುಣ್ಣದ ದ್ರಾವಣದಲ್ಲಿ ಕೈ ತೊಳೆದೇ ಬಾಣಂತಿಯರನ್ನು ಮುಟ್ಟಬೇಕೆಂದು ಅವರು ಮೇ ತಿಂಗಳಲ್ಲಿ ನಿಯಮ ಮಾಡಿದರು. ಜೂನ್‌ನಲ್ಲಿ ಮರಣ ಪ್ರಮಾಣ ಶೇ 2ರ ಆಸುಪಾಸಿಗೆ, ಜುಲೈನಲ್ಲಿ ಶೇ 1ರ ಆಸುಪಾಸಿಗೆ ಇಳಿಯಿತು. ಇಷ್ಟು ತಮಗೂ ಗೊತ್ತಿರಬಹುದು. ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ ವರ್ಷದ ಅಕ್ಟೋಬರ್‌ನಲ್ಲಿ ನಡೆದದ್ದು. ಗರ್ಭಕೋಶದ ಕ್ಯಾನ್ಸರ್ ಹುಣ್ಣಾಗಿದ್ದ ಒಬ್ಬ ಮಹಿಳೆಯನ್ನು ರೌಂಡ್ಸ್ ಆರಂಭವಾಗುವ ಮೊದಲನೆಯ ಮಂಚಕ್ಕೆ ಹಾಕಲಾಗಿತ್ತು. ಪರೀಕ್ಷಿಸುವವರು ಒಳಬರುವಾಗ ಕೈ ತೊಳೆದಿದ್ದರು, ಆದರೆ ಆ ಮಂಚದಿಂದ ಮುಂದಿನ ಮಂಚಕ್ಕೆ ಹೋಗುವಾಗ ಸಾಬೂನು ನೀರಷ್ಟೇ ಬಳಸಿದರು. ಆಕೆಯೊಂದಿಗೆ ಸಾಲಿನಲ್ಲಿದ್ದ ಹನ್ನೆರಡು ಬಾಣಂತಿಯರಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ಬಾಗಿಲಲ್ಲಿ ಒಮ್ಮೆ ತೊಳೆದರೆ ಸಾಲದು, ರೋಗಿಯಿಂದ ರೋಗಿಗೆ ಹೋಗುವಾಗ ಪ್ರತಿ ಸಲವೂ ಬೇಕು ಎಂಬುದು ಆಗಲೇ ತಿಳಿದಿತ್ತು. ಹಾಗಿದ್ದೂ ಇಂದಿಗೂ ಅನೇಕ ವಾರ್ಡುಗಳಲ್ಲಿ ಸಿಂಕ್ ಇರುವುದು ಬಾಗಿಲ ಬಳಿ ಒಂದೇ.

ಈಗ ಲೆಕ್ಕಕ್ಕೆ ಬರುತ್ತೇನೆ. ಒಂದು ತೀವ್ರ ನಿಗಾ ಘಟಕದಲ್ಲಿ ಕೈಯಲ್ಲಿ ಹಾಳೆ ಹಿಡಿದು, ಇಬ್ಬರು ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಸಿಸ್ಟರ್ ಪಕ್ಕದಲ್ಲಿ ಬೆಳಗಿನ ಡ್ಯೂಟಿಯ ಒಂದು ಗಂಟೆ ನಿಂತೆ. ಕೈ ಶುದ್ಧಿ ಮಾಡಿಕೊಳ್ಳಲೇಬೇಕಾದ ಸಂದರ್ಭಗಳನ್ನು ಎಣಿಸುತ್ತಾ ಹೋದೆ. ಗಂಟೆ ಮುಗಿಯುವಾಗ 21 ಗೆರೆಗಳಿದ್ದವು. ಸಾಬೂನು ನೀರಿನಿಂದ ಸರಿಯಾಗಿ ಕೈ ತೊಳೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅವಧಿ 40ರಿಂದ 60 ಸೆಕೆಂಡ್. ಸಿಂಕಿನವರೆಗೆ ಹೋಗಿ ಬರುವುದನ್ನು ಬಿಟ್ಟರೂ 21 ಸಲಕ್ಕೆ 14ರಿಂದ 21 ನಿಮಿಷ. ಅಂದರೆ ತಮ್ಮ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದರೆ ಆಕೆ ಗಂಟೆಯ ಮೂರನೆಯ ಒಂದು ಪಾಲನ್ನು ಸಿಂಕಿನ ಮುಂದೆ ಕಳೆಯಬೇಕು, ಆ ಹೊತ್ತಿನಲ್ಲಿ ಇಬ್ಬರು ರೋಗಿಗಳ ಮಾನಿಟರುಗಳು ಕೂಗುತ್ತಿರುತ್ತವೆ. ಅದೇ ಕೆಲಸವನ್ನು ಮಂಚದ ತಲೆಯ ಬಳಿಯೇ ಆಲ್ಕೋಹಾಲ್ ಹ್ಯಾಂಡ್ ರಬ್ (ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ದ್ರವ) ಇಟ್ಟು ಅದರಿಂದ ಮಾಡಿದರೆ ಪ್ರತಿ ಸಲ 20ರಿಂದ 30 ಸೆಕೆಂಡ್, ಒಟ್ಟು 7ರಿಂದ ಹತ್ತೂವರೆ ನಿಮಿಷ ಸಾಕು, ನಡೆಯುವುದೂ ತಪ್ಪುತ್ತದೆ. ಆ ಸಿಸ್ಟರ್ 21ರಲ್ಲಿ 8 ಸಲ ಕೈ ಶುದ್ಧ ಮಾಡಿಕೊಂಡಿದ್ದರು. ಅವರ ಹೆಸರನ್ನು ನಾನು ವರದಿಯಲ್ಲಿ ಬರೆಯಲಿಲ್ಲ. ಹ್ಯಾಂಡ್ ರಬ್ ಬಾಟಲಿ ಎಷ್ಟು ದೂರದಲ್ಲಿತ್ತು ಎಂಬುದನ್ನು ಬರೆದೆ: ಘಟಕದ ಬಾಗಿಲಲ್ಲಿ ಒಂದು, ಸಿಸ್ಟರ್‌ಗಳ ಮೇಜಿನ ಮೇಲೆ ಒಂದು, ಮಂಚಗಳ ಬಳಿ ಒಂದೂ ಇಲ್ಲ.

ಇದು ಊಹೆಯ ಮಾತಲ್ಲವೆನ್ನಲು ಜಿನೀವಾ ವಿಶ್ವವಿದ್ಯಾಲಯ ಆಸ್ಪತ್ರೆಗಳ ಅನುಭವವೇ ಸಾಕ್ಷಿ. ಡಾ. ಡಿಡಿಯೆ ಪಿಟೆ ಮತ್ತು ಸಂಗಡಿಗರು ಅಲ್ಲಿ ಹ್ಯಾಂಡ್ ರಬ್ಬನ್ನು ಮಂಚದ ಬಳಿಗೆ ತಂದರು, ಸಿಬ್ಬಂದಿಯ ಜೇಬಿಗೂ ಸಣ್ಣ ಬಾಟಲಿ ಕೊಟ್ಟರು, ಅಳೆದದ್ದನ್ನು ಸಿಬ್ಬಂದಿಗೆ ತಿಳಿಸಿದರು, ಆಡಳಿತ ಅವರ ಬೆನ್ನಿಗೆ ನಿಂತಿತು. 1994ರಲ್ಲಿ ಶೇ 48 ಇದ್ದ ಕೈ ಶುದ್ಧಿಯ ಪಾಲನೆ 1997ರಲ್ಲಿ ಶೇ 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ಅಂಟುವ ಸೋಂಕು 1994ರ ಶೇ 16.9ರಿಂದ 1998ರಲ್ಲಿ ಶೇ 9.9ಕ್ಕೆ ಇಳಿಯಿತು. ನೂರಕ್ಕೆ ನೂರು ಪಾಲನೆ ಆಗಲಿಲ್ಲ ಎಂಬುದನ್ನೂ ಗಮನಿಸಿ. ತಪಾಸಣೆಗಾಗಿ ಬರುವವರ ಮುಂದೆ ಶೇ 98 ಎಂದು ಬರೆದಿಡುವ ಆಸ್ಪತ್ರೆಗಳ ದಾಖಲೆ ನೋಡಿದಾಗ ನನಗೆ ನಗು ಬರುತ್ತದೆ.

ಯಾವಾಗ ಶುದ್ಧ ಮಾಡಿಕೊಳ್ಳಬೇಕು ಎಂಬುದಕ್ಕೆ ಐದು ಸಂದರ್ಭಗಳನ್ನು ಗುರುತಿಸಲಾಗಿದೆ: ರೋಗಿಯನ್ನು ಮುಟ್ಟುವ ಮೊದಲು, ಅಸೆಪ್ಟಿಕ್ ಕ್ರಿಯೆಗೆ ಮೊದಲು, ದೇಹದ ದ್ರವಗಳು ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ಎಲ್ಲೇ ಎಣಿಸಿದರೂ 'ನಂತರ'ದ ಪಾಲನೆ ಚೆನ್ನಾಗಿರುತ್ತದೆ, 'ಮೊದಲು' ಎಂಬುದು ಸೊರಗಿರುತ್ತದೆ. ರಕ್ತ ತಾಗಿದ ಕೈಯನ್ನು ಯಾರೂ ಹೇಳದಿದ್ದರೂ ತೊಳೆಯುತ್ತೇವೆ. ಅದು ನಮ್ಮನ್ನು ನಾವು ಕಾಪಾಡಿಕೊಳ್ಳುವ ಸಹಜ ಪ್ರವೃತ್ತಿ. ರೋಗಿಯನ್ನು ನಮ್ಮಿಂದ ಕಾಪಾಡುವುದಕ್ಕೆ ಅಂಥ ಪ್ರವೃತ್ತಿ ಹುಟ್ಟಿನಿಂದ ಬಂದಿರುವುದಿಲ್ಲ, ಅದನ್ನು ಕಲಿಯಬೇಕು.

ಕಲಿತವರೂ ಎಲ್ಲಿ ಜಾರುತ್ತಾರೆ ಎಂಬುದಕ್ಕೆ ಒಂದು ಡ್ರೆಸ್ಸಿಂಗ್ ನೋಡಿದರೆ ಸಾಕು. ಒಬ್ಬ ಒಳ್ಳೆಯ ಸಿಸ್ಟರ್, ಟ್ರಾಲಿಯನ್ನು ಒರೆಸಿ, ಸ್ಟೆರೈಲ್ ಪ್ಯಾಕನ್ನು ತುದಿ ಮಾತ್ರ ಹಿಡಿದು ಬಿಡಿಸಿ, ಹ್ಯಾಂಡ್ ರಬ್ ತೆಗೆದುಕೊಂಡು ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲವನ್ನೂ ಉಜ್ಜಿ ಒಣಗಿಸಿಕೊಂಡರು. ಆಮೇಲೆ ರೋಗಿಗೆ ಮರೆಯಾಗಲೆಂದು ಪರದೆ ಎಳೆದರು. ಆ ಪರದೆಯನ್ನು ಆ ಬೆಳಿಗ್ಗೆಯಿಂದ ಎಷ್ಟು ಕೈಗಳು ಎಳೆದಿದ್ದವೋ, ಕೊನೆಯ ಸಲ ಅದು ಒಗೆತಕ್ಕೆ ಹೋಗಿದ್ದು ಯಾವ ತಿಂಗಳಲ್ಲೋ. ಅವರ ಸೌಜನ್ಯವೇ ಅವರ ಕೈಯನ್ನು ಮತ್ತೆ ಮಲಿನಗೊಳಿಸಿತು. ಪರದೆ ಎಳೆದ ಮೇಲೆ ಕೈ ಶುದ್ಧಿ ಎಂದು ಕ್ರಮ ಬದಲಿಸಿದರೆ ಖರ್ಚಿಲ್ಲದೆ ಸರಿಹೋಗುವ ತಪ್ಪು ಇದು. ಆದರೆ ಅದನ್ನು ಕಾಣಬೇಕಾದರೆ ಯಾರಾದರೂ ಪಕ್ಕದಲ್ಲಿ ನಿಂತು ನೋಡಬೇಕು. ಕಚೇರಿಯಲ್ಲಿ ಕೂತು ನಮೂನೆ ತುಂಬಿಸಿದರೆ ಕಾಣುವುದಿಲ್ಲ.

ಕೈ ಉಜ್ಜುವ ವಿಧಾನದ ಬಗ್ಗೆ ನಾನು ಭಾಷಣ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ನೇರಳಾತೀತ ಬೆಳಕಿನಲ್ಲಿ ಹೊಳೆಯುವ ದ್ರವವನ್ನು ಹ್ಯಾಂಡ್ ರಬ್‌ನಂತೆ ಉಜ್ಜಿಕೊಳ್ಳಲು ಹೇಳಿ, ಕತ್ತಲೆಯ ಪೆಟ್ಟಿಗೆಯಲ್ಲಿ ಕೈ ಇಡಿಸುತ್ತೇನೆ. ಉಜ್ಜಿದ ಜಾಗ ಹೊಳೆಯುತ್ತದೆ, ಬಿಟ್ಟ ಜಾಗ ಕಪ್ಪಗೆ ಉಳಿಯುತ್ತದೆ. ಹಿರಿಯ ವೈದ್ಯರಾಗಲಿ, ಮೊದಲ ವರ್ಷದ ವಿದ್ಯಾರ್ಥಿನಿಯಾಗಲಿ, ಕಪ್ಪಗೆ ಉಳಿಯುವುದು ಬಹುತೇಕ ಅವೇ ಜಾಗಗಳು: ಹೆಬ್ಬೆರಳಿನ ಬುಡ, ಬೆರಳ ತುದಿಗಳು, ಉಂಗುರದ ಕೆಳಗೆ. ರೋಗಿಯ ನಾಡಿ ಹಿಡಿಯುವುದೂ, ರಕ್ತನಾಳಕ್ಕೆ ಹಾಕಿದ ಕೊಳವೆಯ, ಅಂದರೆ ಕ್ಯಾನುಲಾದ, ಮುಚ್ಚಳ ತಿರುವುವುದೂ ಇವೇ ಬೆರಳ ತುದಿಗಳು. ಉಂಗುರ, ಬಳೆ, ಕೈಗಡಿಯಾರ, ಉದ್ದ ಉಗುರು, ಅಂಟಿಸಿದ ಉಗುರು, ಮಣಿಕಟ್ಟಿನವರೆಗೆ ಬರುವ ತೋಳಿನ ಕೋಟು ಇವೆಲ್ಲ ಬೇಡವೆನ್ನುವುದು ಶಿಸ್ತಿನ ಪ್ರದರ್ಶನಕ್ಕಾಗಿ ಅಲ್ಲ. ಅವುಗಳ ಕೆಳಗೆ ಹ್ಯಾಂಡ್ ರಬ್ ಹೋಗುವುದಿಲ್ಲ.

ಹ್ಯಾಂಡ್ ರಬ್ ಎಲ್ಲದಕ್ಕೂ ಮದ್ದು ಎಂದುಕೊಳ್ಳುವುದೂ ಬೇಡ. ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿದ್ದರೆ, ರಕ್ತ ಅಥವಾ ಮಲ ತಾಗಿದ್ದರೆ ಸಾಬೂನು ಮತ್ತು ಹರಿಯುವ ನೀರೇ ಬೇಕು. ತೀವ್ರ ಭೇದಿ ಉಂಟುಮಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್‌ನ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ. ಅವನ್ನು ಉಜ್ಜಿ ನೀರಿನಲ್ಲಿ ಹರಿಯಬಿಡಬೇಕು. ಇನ್ನು ದ್ರವ ಸಾಬೂನಿನ ಬಾಟಲಿ ಅರ್ಧವಾದೊಡನೆ ಅದರ ಮೇಲೆಯೇ ಮತ್ತೆ ಸುರಿದು ತುಂಬಿಸುವ ಪದ್ಧತಿ ನಿಲ್ಲಬೇಕು; ವರ್ಷಗಟ್ಟಲೆ ಖಾಲಿಯಾಗದ ಬಾಟಲಿಯ ತಳದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಶುದ್ಧವಾಗಲೆಂದು ಹೋದ ಕೈ ಅದನ್ನೇ ಹಚ್ಚಿಕೊಂಡು ಬರುತ್ತದೆ. ಹಾಗೆಯೇ, ದಿನಕ್ಕೆ ನೂರು ಸಲ ಕೈ ಶುದ್ಧಿ ಮಾಡಿಕೊಳ್ಳುವವರ ಚರ್ಮ ಒಡೆಯುತ್ತದೆ. ಒಡೆದ ಚರ್ಮದಲ್ಲಿ ರೋಗಾಣುಗಳು ಸುಲಭವಾಗಿ ನೆಲೆಸುತ್ತವೆ, ಉರಿಯುವ ಕೈಯವರು ತೊಳೆಯುವುದನ್ನು ತಪ್ಪಿಸುತ್ತಾರೆ. ಕೈಗೆ ಹಚ್ಚುವ ಕ್ರೀಮನ್ನು ನಾನು ಖರೀದಿ ಪಟ್ಟಿಯಲ್ಲಿ ಬರೆದಾಗ "ಸೌಂದರ್ಯ ಸಾಧನ" ಎಂದು ಷರಾ ಬರೆದು ಒಬ್ಬರು ಹೊಡೆದು ಹಾಕಿದ್ದರು. ಅದು ಸೋಂಕು ನಿಯಂತ್ರಣದ ಸಾಮಗ್ರಿ ಎಂದು ಈ ಪತ್ರದ ಮೂಲಕ ಮತ್ತೊಮ್ಮೆ ನಿವೇದಿಸಿಕೊಳ್ಳುತ್ತೇನೆ.

ಗ್ಲೌಸ್ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ವೃತ್ತಿಗೆ ಸೇರಿದ ಮೂರನೆಯ ವರ್ಷದ ಒಂದು ರಾತ್ರಿ ಡ್ಯೂಟಿಯಲ್ಲಿ ಗ್ಲೌಸ್ ಹಾಕಿಕೊಂಡು ಒಬ್ಬ ರೋಗಿಯ ಮೂತ್ರದ ಚೀಲ ಖಾಲಿ ಮಾಡುತ್ತಿದ್ದೆ. ಪಕ್ಕದ ಮಂಚದಲ್ಲಿ ರಕ್ತನಾಳಕ್ಕೆ ಔಷಧ ಹರಿಸುವ ಇನ್‌ಫ್ಯೂಷನ್ ಪಂಪ್ ಕೂಗತೊಡಗಿತು. ಓಡಿಹೋಗಿ ಅದರ ಗುಂಡಿ ಒತ್ತಿದೆ, ಕೊಳವೆ ಮಡಚಿಕೊಂಡಿದ್ದನ್ನು ನೇರ ಮಾಡಿದೆ, ಆ ಅಜ್ಜಿಯ ದಿಂಬು ಸರಿಪಡಿಸಿದೆ, ಚಾರ್ಟಿನಲ್ಲಿ ಬರೆಯಲು ಪೆನ್ನು ತೆಗೆದೆ. ದೂರದಿಂದ ನೋಡುತ್ತಿದ್ದ ಹಿರಿಯ ಸಿಸ್ಟರ್ ಬೈಯಲಿಲ್ಲ. "ಆ ಗ್ಲೌಸ್ ಹಾಕಿಕೊಂಡ ಮೇಲೆ ಏನೇನು ಮುಟ್ಟಿದೆ, ಒಂದೊಂದಾಗಿ ಹೇಳಮ್ಮ" ಎಂದರು. ಹೇಳುತ್ತಾ ಹೋದಂತೆ ನನಗೆ ಬೆವರಿತು. ಕೈಗೆ ರಬ್ಬರಿದೆ ಎಂಬ ಧೈರ್ಯ ನನ್ನ ಗಮನವನ್ನೇ ಮಂಕಾಗಿಸಿತ್ತು. ಬರಿಗೈಯಾಗಿದ್ದರೆ ಮೂತ್ರ ತಾಗಿದ ಬೆರಳಿನಿಂದ ನಾನು ಪೆನ್ನನ್ನೂ ಮುಟ್ಟುತ್ತಿರಲಿಲ್ಲ. ಆ ಅಜ್ಜಿಗೆ ನನ್ನಿಂದ ಏನಾದರೂ ಆಯಿತೇ ಎಂಬುದು ನನಗೆ ಗೊತ್ತಾಗಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಗ್ಲೌಸ್ ಒಂದು ಕೆಲಸಕ್ಕೆ, ಒಬ್ಬ ರೋಗಿಗೆ. ಹಾಕುವ ಮೊದಲೂ ತೆಗೆದ ಮೇಲೂ ಕೈ ಶುದ್ಧಿ ಬೇಕು, ಏಕೆಂದರೆ ಕಣ್ಣಿಗೆ ಕಾಣದ ತೂತುಗಳಿರುತ್ತವೆ, ತೆಗೆಯುವಾಗ ಮಣಿಕಟ್ಟಿಗೆ ತಾಗುತ್ತದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ಬಂದದ್ದು ಒಬ್ಬ ಸಿಸ್ಟರ್‌ನ ಕೈಯನ್ನು ಕಾಪಾಡಲಿಕ್ಕೆ. 1889-90ರ ಸುಮಾರಿನಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೋಲಿನ್ ಹ್ಯಾಂಪ್ಟನ್ ಅವರ ಕೈ ಕ್ರಿಮಿನಾಶಕದಿಂದ ಸುಟ್ಟಂತಾಗುತ್ತಿದ್ದುದನ್ನು ನೋಡಿ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಅವುಗಳನ್ನು ಮಾಡಿಸಿದರು. ರೋಗಿಗೂ ಅದರಿಂದ ರಕ್ಷಣೆಯಿದೆ ಎಂಬ ಅರಿವು ಆಮೇಲೆ ಗಟ್ಟಿಯಾಯಿತು.

ಮಂಚದ ಕಂಬಿ, ಕರೆಗಂಟೆಯ ಗುಂಡಿ, ಬಾಗಿಲ ಹಿಡಿ, ಸ್ಟೆತೊಸ್ಕೋಪ್, ಬಿ.ಪಿ. ಪಟ್ಟಿ, ಈಚೆಗೆ ಎಲ್ಲರ ಜೇಬಿನ ಮೊಬೈಲ್: ಕೈ ಶುದ್ಧವಾದ ಮರುಕ್ಷಣ ಮುಟ್ಟುವುದು ಇವನ್ನೇ. ಒಣಗಿದ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಸೋಂಕು ಹರಡಬಲ್ಲ ಸ್ಥಿತಿಯಲ್ಲಿರುತ್ತದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಬೀಜಕಣಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಇವುಗಳನ್ನು ಒರೆಸುವ ಕೆಲಸ ಯಾರದು? ಸೋಂಕು ನಿಯಂತ್ರಣ ಸಮಿತಿಯ ಸಭೆಗೆ ಎಂದೂ ಕರೆಯದ, ಗುತ್ತಿಗೆಯ ಮೇಲೆ ಬಂದು ಹೋಗುವ, ಹೆಸರಿನಿಂದ ಯಾರೂ ಕರೆಯದ ಸ್ವಚ್ಛತಾ ಸಿಬ್ಬಂದಿಯದು. ಅವರಿಗೆ ಒಂದು ಬಕೆಟ್, ಒಂದು ಬಟ್ಟೆ, ಒಂದು ಕ್ಯಾನ್ ಕೊಟ್ಟು "ಸ್ವಲ್ಪ ಹಾಕಿ ಒರೆಸಿ" ಎನ್ನುತ್ತೇವೆ. ಸ್ವಲ್ಪ ಎಂದರೆ ಎಷ್ಟು? ಶೇ 5ರ ಸೋಡಿಯಂ ಹೈಪೊಕ್ಲೋರೈಟ್‌ನಿಂದ (ಬ್ಲೀಚ್ ದ್ರಾವಣದಿಂದ) ಶೇ 1ರ ದ್ರಾವಣ ಮಾಡಲು ಒಂದು ಪಾಲಿಗೆ ನಾಲ್ಕು ಪಾಲು ನೀರು ಬೇಕು ಎಂಬುದನ್ನು ಅಳತೆಯ ಪಾತ್ರೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದಾಗ ಒಬ್ಬ ಆಯಾ "ಇಷ್ಟು ವರ್ಷ ನನಗೆ ಇದನ್ನು ಯಾರೂ ಹೇಳಲೇ ಇಲ್ಲವಲ್ಲ ಸಿಸ್ಟರ್" ಎಂದು ನೊಂದುಕೊಂಡರು. ದ್ರಾವಣವನ್ನು ಪ್ರತಿದಿನ ಹೊಸದಾಗಿ ಮಾಡಬೇಕು. ಬೆಳಕಿಗೂ ಬಿಸಿಗೂ ಅದರ ಕಸುವು ಇಳಿಯುತ್ತದೆ. ರಕ್ತ, ಕೀವು, ಕೊಳೆಯ ಮೇಲೆ ನೇರವಾಗಿ ಹಾಕಿದರೆ ಅದರ ಶಕ್ತಿ ಕೊಳೆಯ ಮೇಲೆಯೇ ಖರ್ಚಾಗುವುದರಿಂದ ಮೊದಲು ಕೊಳೆ ತೆಗೆದು, ಆಮೇಲೆ ಕ್ರಿಮಿನಾಶಕ ಹಚ್ಚಬೇಕು. ಹಚ್ಚಿದ ಮೇಲೆ ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಹಚ್ಚಿದ ಕೂಡಲೇ ಒಣಬಟ್ಟೆಯಿಂದ ಹೊಳಪು ಬರಿಸಿದರೆ ನೋಡಲು ಚೆಂದ, ಅಷ್ಟೇ. ಶೌಚಾಲಯದ ಆಮ್ಲದೊಂದಿಗೆ ಇದನ್ನು ಬೆರೆಸಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ ಎಂಬ ಎಚ್ಚರಿಕೆಯೂ ಅವರಿಗೆ ಸಿಗಬೇಕು. ಹೆಚ್ಚು ಶುಚಿಯಾದ ಜಾಗದಿಂದ ಕಡಿಮೆ ಶುಚಿಯಾದ ಜಾಗದ ಕಡೆಗೆ, ಮೇಲಿನಿಂದ ಕೆಳಕ್ಕೆ, ಪ್ರತಿ ಮಂಚಕ್ಕೂ ಬೇರೆ ಬಟ್ಟೆ. ಬಳಸಿದ ಹೊದಿಕೆಯನ್ನು ಕೊಡವಬಾರದು, ಮೈಗೆ ಅವುಚಿಕೊಂಡು ಹೊರಬಾರದು, ನೆಲದ ಮೇಲೆ ಹಾಕಬಾರದು. ಇದನ್ನೆಲ್ಲ ಕಲಿಸಲು ಒಂದು ಮಧ್ಯಾಹ್ನ ಸಾಕು. ಕಲಿತವರು ಮೂರು ತಿಂಗಳಲ್ಲಿ ಗುತ್ತಿಗೆ ಮುಗಿದು ಹೋಗದಂತೆ ನೋಡಿಕೊಳ್ಳುವುದು ಮಾತ್ರ ತಮ್ಮ ಕೈಯಲ್ಲಿದೆ.

ಒತ್ತಡದ ಹಬೆಯಿಂದ ಉಪಕರಣಗಳನ್ನು ಸ್ಟೆರೈಲ್ ಮಾಡುವ ಯಂತ್ರವಾದ ಆಟೋಕ್ಲೇವ್ ಬಗ್ಗೆ ಒಂದೇ ಮಾತು. ಪ್ಯಾಕಿನ ಮೇಲಿನ ಟೇಪಿನಲ್ಲಿ ಕಪ್ಪು ಗೆರೆ ಮೂಡಿದರೆ ಆ ಪ್ಯಾಕ್ ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ ತಿಳಿಯುತ್ತದೆ, ಒಳಗಿನದು ಸ್ಟೆರೈಲ್ ಆಗಿದೆ ಎಂದು ತಿಳಿಯುವುದಿಲ್ಲ. ಅದಕ್ಕೆ ಶಾಖವನ್ನು ಬಹಳ ತಡೆದುಕೊಳ್ಳುವ ಜಿಯೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಬೀಜಕಣಗಳು ಸಾಯುತ್ತವೆಯೇ ಎಂಬ ಪರೀಕ್ಷೆಯನ್ನು ನಿಯಮಿತವಾಗಿ ಮಾಡಬೇಕು; ಒದ್ದೆಯಾಗಿ ಹೊರಬಂದ ಪ್ಯಾಕನ್ನು ತುರ್ತಿನ ನೆಪ ಹೇಳಿ ಬಳಸಬಾರದು.

ಶರೀರದೊಳಗೆ ಕೊಳವೆ ಇರುವ ರೋಗಿಗಳದು ಬೇರೆಯೇ ಪ್ರಕರಣ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ರೋಗಿಯನ್ನು ಸ್ಟ್ರೆಚರ್ ಮೇಲೆ ಸಾಗಿಸುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಡುವ ಅಭ್ಯಾಸ ಎಷ್ಟು ಕಡೆ ಇದೆಯೆಂಬುದನ್ನು ಎಕ್ಸ್‌ರೇ ಕೋಣೆಯ ಮುಂದೆ ಅರ್ಧ ಗಂಟೆ ನಿಂತರೆ ತಾವೇ ನೋಡಬಹುದು. ಡ್ರಿಪ್ಪಿನ ತುದಿಗೆ ಔಷಧ ಚುಚ್ಚುವ ಮೊದಲು ಆಲ್ಕೋಹಾಲ್ ಹತ್ತಿಯಿಂದ ಉಜ್ಜಿ, ಒಣಗಲು ಬಿಡಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, ಈ ಕೊಳವೆ ಇವತ್ತೂ ಬೇಕೇ ಎಂದು ಪ್ರತಿದಿನ ಕೇಳಬೇಕು.

ಕೇಳುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಡಾ. ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಕೈಗೊಂಡ, 2006ರಲ್ಲಿ ಫಲಿತಾಂಶ ಪ್ರಕಟವಾದ ಕೆಲಸದಲ್ಲಿ, ದೊಡ್ಡ ರಕ್ತನಾಳದ ಕ್ಯಾಥೆಟರ್ (ಕೊಳವೆ) ಹಾಕುವಾಗ ಐದು ಸಾಮಾನ್ಯ ಕ್ರಮಗಳನ್ನು ಪಾಲಿಸಲಾಯಿತು: ಕೈ ಶುದ್ಧಿ, ಪೂರ್ಣ ಸ್ಟೆರೈಲ್ ಹೊದಿಕೆ ಮತ್ತು ಉಡುಪು, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮದ ಶುದ್ಧಿ, ಸಾಧ್ಯವಾದಷ್ಟು ತೊಡೆಸಂದಿನ ರಕ್ತನಾಳ ಬಿಡುವುದು, ಬೇಡವಾದ ಕ್ಯಾಥೆಟರ್ ತೆಗೆಯುವುದು. ಪ್ರತಿ 1,000 ಕ್ಯಾಥೆಟರ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕ್ಯಾಥೆಟರ್ ಇದ್ದರೆ ಒಂದು ಕ್ಯಾಥೆಟರ್ ದಿನ) 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳೊಳಗೆ ಸೊನ್ನೆಗೆ ಬಂತು. ಐದರಲ್ಲಿ ಹೊಸದು ಒಂದೂ ಇರಲಿಲ್ಲ. ಹೊಸದಾಗಿದ್ದುದು ಎರಡು ವ್ಯವಸ್ಥೆಗಳು: ಬೇಕಾದ ಸಾಮಗ್ರಿಯೆಲ್ಲ ಒಂದೇ ಗಾಡಿಯಲ್ಲಿ ಸಿಗುವಂತೆ ಮಾಡಿದರು, ಕ್ರಮ ತಪ್ಪಿದರೆ ತುರ್ತು ಸ್ಥಿತಿಯ ಹೊರತು ವೈದ್ಯರನ್ನು ಅಲ್ಲಿಗೇ ನಿಲ್ಲಿಸುವ ಅಧಿಕಾರವನ್ನು ಸಿಸ್ಟರ್‌ಗಳಿಗೆ ಕೊಟ್ಟರು. ನಮ್ಮ ನಡುವೆ ಎಷ್ಟು ಸಿಸ್ಟರ್‌ಗಳು ಒಬ್ಬ ಹಿರಿಯ ತಜ್ಞರಿಗೆ "ಸರ್, ಕೈ ಶುದ್ಧಿ ಆಗಲಿಲ್ಲ" ಎಂದು ಹೇಳಿ ಅದೇ ವಾರ್ಡಿನಲ್ಲಿ ನೆಮ್ಮದಿಯಿಂದ ಉಳಿಯಬಲ್ಲರು? ಆ ಮಾತನ್ನು ಆಡಿದವರ ಪಕ್ಕದಲ್ಲಿ ತಾವು ನಿಲ್ಲುವಿರಾದರೆ, ಯಾವ ಭಿತ್ತಿಪತ್ರವೂ ಬೇಕಾಗುವುದಿಲ್ಲ.

ಸೂಜಿ ಚುಚ್ಚಿಕೊಂಡವರ ಬಗ್ಗೆಯೂ ಬರೆಯಲೇಬೇಕು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ರೋಗಿಯ ರಕ್ತವಿದ್ದ ಸೂಜಿ ಚುಚ್ಚಿದರೆ ಸೋಂಕು ತಗುಲುವ ಸಂಭವ ಶೇ 6ರಿಂದ 30; ಎಚ್‌ಐವಿಯಲ್ಲಿ ಅದು ಸುಮಾರು ಶೇ 0.3. ಮೂರು ಡೋಸ್ ಲಸಿಕೆಯಿಂದ ತಪ್ಪಿಸಬಹುದಾದ ಮೊದಲನೆಯದನ್ನು ಸ್ವಚ್ಛತಾ ಸಿಬ್ಬಂದಿಗೂ ಸೇರಿಸಿ ಎಲ್ಲರಿಗೂ, ಕೆಲಸಕ್ಕೆ ಸೇರಿದ ದಿನದಿಂದಲೇ ಕೊಡಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು, ಸೂಜಿಯ ಡಬ್ಬಿ ಬಳಸುವ ಜಾಗದಲ್ಲೇ ಇರಬೇಕು, ಮುಕ್ಕಾಲು ತುಂಬಿದಾಗಲೇ ಬದಲಾಗಬೇಕು. ಚುಚ್ಚಿಕೊಂಡರೆ ಹಿಂಡದೆ ಸಾಬೂನು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಬೇಕು. ಎಚ್‌ಐವಿ ತಡೆಯ ಔಷಧ ಬೇಕಾದಲ್ಲಿ ಕೆಲವೇ ಗಂಟೆಗಳೊಳಗೆ, ಹೆಚ್ಚೆಂದರೆ 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. "ಎಚ್ಚರ ಇರಲಿಲ್ಲವೇ" ಎಂಬ ಮೊದಲ ಪ್ರಶ್ನೆಗೆ ಹೆದರಿ ಆ ಗಂಟೆಗಳನ್ನು ಸುಮ್ಮನೆ ಕಳೆದುಬಿಟ್ಟ ಹುಡುಗಿಯರನ್ನು ನಾನು ಬಲ್ಲೆ. ತಿಳಿಸಿದವರ ಮೇಲೆ ಕ್ರಮವಿಲ್ಲ ಎಂದು ಲಿಖಿತ ಭರವಸೆ ಕೊಡಿ.

ಮಾಸ್ಕ್‌ಗಳ ವಿಷಯ ಈಗ ಎಲ್ಲರಿಗೂ ತಿಳಿದಿರುವುದರಿಂದ ಹೆಚ್ಚು ಬರೆಯುವುದಿಲ್ಲ. ಕ್ಷಯ, ದಡಾರ, ಸಿಡುಬಿನಂಥ ಗುಳ್ಳೆಯ ಚಿಕನ್‌ಪಾಕ್ಸ್ ಗಾಳಿಯಲ್ಲಿ ತೇಲುವುದರಿಂದ ಅಲ್ಲಿ ಎನ್95 ಬೇಕು, ಅದು ಮುಖಕ್ಕೆ ಸಂದಿಲ್ಲದೆ ಕೂರಬೇಕು, ಕೋಣೆಯ ಗಾಳಿ ಹೊರಗೆ ಹೋಗುವಂತಿರಬೇಕು. ರಕ್ಷಣಾ ಉಡುಪನ್ನು ಹಾಕುವಾಗ ತಪ್ಪುವವರಿಗಿಂತ ತೆಗೆಯುವಾಗ ತಪ್ಪುವವರು ಹೆಚ್ಚು. ಸುಸ್ತಾಗಿ ಡ್ಯೂಟಿ ಮುಗಿಸುವ ಹೊತ್ತು ಅದು. ತೆಗೆಯುವ ಜಾಗದಲ್ಲಿ ಒಂದು ಕನ್ನಡಿ, ಒಂದು ಹ್ಯಾಂಡ್ ರಬ್ ಬಾಟಲಿ, ಮುಚ್ಚಳವಿರುವ ಕಾಲೊತ್ತಿನ ಕಸದ ಬುಟ್ಟಿ ಇಟ್ಟರೆ ಬಹಳಷ್ಟು ಸರಿಹೋಗುತ್ತದೆ.

ಹಾಗಾದರೆ ನಾನು ಕೇಳುವುದೇನು? ಪ್ರತಿ ಮಂಚದ ಬಳಿ, ಕೈಗೆಟಕುವಲ್ಲಿ ಹ್ಯಾಂಡ್ ರಬ್ ಇರಲಿ. ಅದು ಮುಗಿಯುವ ಮೊದಲೇ ಬದಲಿಸುವ ಹೊಣೆ ಹೆಸರಿಟ್ಟು ಒಬ್ಬರಿಗೆ ಇರಲಿ. ತಿಂಗಳಿಗೆ ಪ್ರತಿ ವಾರ್ಡಿನಲ್ಲಿ ಎಷ್ಟು ಲೀಟರ್ ಖರ್ಚಾಯಿತು ಎಂಬುದನ್ನು ಅಳೆಯಿರಿ. ಯಾರೋ ನೋಡುತ್ತಿರುವಾಗ ಎಲ್ಲರೂ ಕೈ ಉಜ್ಜುತ್ತಾರೆ, ಬಾಟಲಿ ಸುಳ್ಳು ಹೇಳುವುದು ಕಷ್ಟ. ಆ ಅಂಕಿಯನ್ನೂ ಸೋಂಕಿನ ಅಂಕಿಯನ್ನೂ ವಾರ್ಡಿನವರಿಗೇ ತೋರಿಸಿ, ಮೇಲಿನವರಿಗೆ ಮಾತ್ರ ಕಳಿಸಬೇಡಿ. ಒಬ್ಬ ಸಿಸ್ಟರ್‌ಗೆ ರಾತ್ರಿ ಪಾಳಿಯಲ್ಲಿ ಮೂವತ್ತು ರೋಗಿಗಳನ್ನು ಒಪ್ಪಿಸಿ ಐದು ಸಂದರ್ಭಗಳ ಪಟ್ಟಿಯನ್ನು ಕೈಗೆ ಕೊಡುವುದು, ನನ್ನ ದೃಷ್ಟಿಯಲ್ಲಿ, ಸಂಸ್ಥೆಯು ತನ್ನ ಹೊಣೆಯಿಂದ ಕೈ ತೊಳೆದುಕೊಳ್ಳುವ ಒಂದು ವಿಧಾನ. ಆಸ್ಪತ್ರೆಯಲ್ಲಿ ತಪ್ಪದೆ ನಡೆಯುವ ಕೈ ತೊಳೆಯುವಿಕೆ ಅದೊಂದೇ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಹಾಸ್ಯ ಮಾಡುವುದುಂಟು.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಸುತ್ತೋಲೆಗೆ ಸಹಿ ಹಾಕುವ ಮೊದಲು, ಮುಂಚಿತವಾಗಿ ತಿಳಿಸದೆ, ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಯಾವುದಾದರೂ ಒಂದು ವಾರ್ಡಿನಲ್ಲಿ ಒಂದು ಮಂಚದ ಪಕ್ಕ ನಿಲ್ಲಿ. ಗಡಿಯಾರವನ್ನೂ ಉಂಗುರವನ್ನೂ ಕಚೇರಿಯಲ್ಲೇ ಬಿಟ್ಟು ಬನ್ನಿ. ಒಂದು ಹಾಳೆಯಲ್ಲಿ ಆ ರೋಗಿಯನ್ನು ಮುಟ್ಟಿದ ಪ್ರತಿ ಕೈಗೂ ಒಂದು ಗೆರೆ ಎಳೆಯಿರಿ, ಶುದ್ಧವಾಗಿ ಬಂದ ಕೈಯ ಗೆರೆಗೆ ಸುತ್ತು ಹಾಕಿ, ಆ ಮಂಚದಿಂದ ಹ್ಯಾಂಡ್ ರಬ್‌ಗೆ ಎಷ್ಟು ಹೆಜ್ಜೆ ಎಂದು ನಡೆದು ನೋಡಿ ಅದೇ ಹಾಳೆಯ ಕೆಳಗೆ ಬರೆಯಿರಿ. ಆ ಹಾಳೆಯನ್ನು ಸುತ್ತೋಲೆಯ ಜೊತೆಗೆ ಲಗತ್ತಿಸಿ ಕಳಿಸಿದರೆ ನಾವು ಅದನ್ನು ಸೂಚನಾ ಫಲಕದಲ್ಲಿ ಹಾಕಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಸೋಂಕು ನಿಯಂತ್ರಣದ ಹೊಣೆಯಲ್ಲಿರುವ ಒಬ್ಬ ಶುಶ್ರೂಷಕಿ